ಚಿತ್ರದುರ್ಗದ ಕಬ್ಬಿಣಶಿಲೆಯಲ್ಲಿ ಯುರೋಪಿಯಂ: ಉಬ್ಬು ನಿಜವೋ, ಬೇರಿಯಂನ ಆಟವೋ

ಆಳಸಮುದ್ರದ ಬುಗ್ಗೆಗಳಿಂದ 350 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚಿಮ್ಮುವ ಆಮ್ಲೀಯ ನೀರಿಗೆ ವಿರಳ ಭೂಧಾತುಗಳದೇ (ಲ್ಯಾಂಥನಂನಿಂದ ಲ್ಯೂಟೀಶಿಯಂವರೆಗಿನ, ಬಹುಪಾಲು ಒಂದೇ ರೀತಿ ವರ್ತಿಸುವ ಲೋಹಗಳು) ಒಂದು ಗುರುತಿದೆ. ಲ್ಯಾಂಥನಂ ಕಡೆಯ ಹಗುರ ಧಾತುಗಳು ಹೆಚ್ಚು, ಯುರೋಪಿಯಂ ಇನ್ನೂ ಹೆಚ್ಚು. ಸುಮಾರು 250 ಡಿಗ್ರಿ ದಾಟಿದ ಆಮ್ಲಜನಕರಹಿತ ನೀರಿನಲ್ಲಿ ಯುರೋಪಿಯಂ ಮಾತ್ರ +3ರಿಂದ +2ಕ್ಕೆ ಇಳಿದು, ಕ್ಲೋರೈಡ್ ಜತೆ ಕೂಡಿ ಕರಗಿಯೇ ಉಳಿಯುತ್ತದೆ. ಚಿತ್ರದುರ್ಗ ಶಿಸ್ಟ್ ಪಟ್ಟಿಯ (ಪುರಾತನ ರೂಪಾಂತರಿತ ಶಿಲೆಗಳ ಪಟ್ಟಿ) ಪಟ್ಟೆ ಕಬ್ಬಿಣಶಿಲೆ 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಕೂತದ್ದು. ಅಂದಿನ ಬುಗ್ಗೆಗಳ ಗುರುತನ್ನು ಅದರಲ್ಲಿ ಹುಡುಕಬಹುದು. ಯುರೋಪಿಯಂ ಉಬ್ಬು, ಅಂದರೆ ನೆರೆಯ ಧಾತುಗಳಿಂದ ನಿರೀಕ್ಷಿಸುವುದಕ್ಕಿಂತ ಅದು ಎಷ್ಟು ಪಟ್ಟು ಹೆಚ್ಚಿದೆ ಎಂಬುದು, ಕಾಣುವುದು ಸುಲಭ. ಅದು ನಿಜವೆಂದು ನಂಬಿಸುವುದೇ ಕಷ್ಟ.

ಮಾದರಿಯ ವಿಷಯ ಬೇಗ ಮುಗಿಸುತ್ತೇನೆ. ಹಳದಿ ಗೋಥೈಟ್ (ಕಬ್ಬಿಣದ ತುಕ್ಕಿನಂಥ ಖನಿಜ) ಹತ್ತಿದ ಕಲ್ಲು ಬೇಡ. ಮಳೆನೀರು ಇಳಿದ ಕಲ್ಲಿನಲ್ಲಿ ಸೀರಿಯಂ ಕದಲಿರುತ್ತದೆ. ಮೇಲ್ಪದರವನ್ನು ವಜ್ರದ ಗರಗಸದಲ್ಲಿ ಕೊಯ್ದು ತೆಗೆದು, ಕಪ್ಪು ಮ್ಯಾಗ್ನೆಟೈಟ್ ಪಟ್ಟೆ, ಬಿಳಿ ಚರ್ಟ್ (ಸಿಲಿಕಾ ಶಿಲೆ) ಪಟ್ಟೆಗಳನ್ನು ಬೇರೆ ಮಾಡಿ, ಅಗೇಟ್ ಗಿರಣಿಯಲ್ಲಿ ಮೈದಾದಷ್ಟು ನುಣ್ಣಗೆ ಪುಡಿ ಮಾಡಿಕೊಳ್ಳುತ್ತೇನೆ. ಅಲ್ಯೂಮಿನಾ ಶೇ 1 ದಾಟಿದ ಪುಡಿಯನ್ನು ಬದಿಗಿಡುತ್ತೇನೆ. ಅದರಲ್ಲಿ ಮಣ್ಣೋ ಬೂದಿಯೋ ಸೇರಿದೆ. ಮರಡಿಹಳ್ಳಿಯ ದಿಂಬು ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅಲ್ಲಿ ಸುತ್ತಿಗೆ ಚೀಲದಿಂದ ಹೊರಗೇ ಬರಬಾರದು.

0.1 ಗ್ರಾಂ ಪುಡಿಗೆ 3 ಮಿಲಿಲೀಟರ್ ಹೈಡ್ರೋಫ್ಲೂರಿಕ್ ಆಮ್ಲ, 1 ಮಿಲಿಲೀಟರ್ ನೈಟ್ರಿಕ್ ಆಮ್ಲ. ಮುಚ್ಚಿದ ಟೆಫ್ಲಾನ್ ಪಾತ್ರೆ, 120 ಡಿಗ್ರಿ, ಎರಡು ರಾತ್ರಿ. ಆಮೇಲೆ ಮುಚ್ಚಳ ತೆಗೆದು ಒಣಗಿಸಿದರೆ ಸಿಲಿಕಾ ಅನಿಲವಾಗಿ ಹೋಗುತ್ತದೆ. ಇಲ್ಲಿ ಆತುರಪಟ್ಟರೆ ಕೆಲಸ ಕೆಟ್ಟಿತು: ಉಳಿದ ಫ್ಲೋರೈಡ್ ವಿರಳ ಭೂಧಾತುಗಳನ್ನು ಬಿಳಿ ಗಷ್ಟಿನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ನೈಟ್ರಿಕ್ ಆಮ್ಲ ಹಾಕಿ ಎರಡು ಸಲ ಒಣಗಿಸಿ, 6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮ್ಯಾಗ್ನೆಟೈಟ್ ಪೂರ್ತಿ ಕರಗಿಸಿ, ಮತ್ತೆ ಒಣಗಿಸಿ, ಶೇ 2ರ ನೈಟ್ರಿಕ್ ಆಮ್ಲದಲ್ಲಿ 100 ಮಿಲಿಲೀಟರ್‌ಗೆ ತರುತ್ತೇನೆ. ಹೈಡ್ರೋಫ್ಲೂರಿಕ್ ಆಮ್ಲ ಬಳಸುವಾಗ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟಕುವಂತಿರಬೇಕು, ಪಕ್ಕದಲ್ಲಿ ಇನ್ನೊಬ್ಬರಿರಬೇಕು. ಪ್ರತಿ ಸರದಿಯಲ್ಲೂ ಆಮ್ಲಗಳಿಂದಲೇ ಎಷ್ಟು ಬಂತೆಂದು ತಿಳಿಯಲು ಕಲ್ಲಿನ ಪುಡಿಯಿಲ್ಲದ ಒಂದು ಖಾಲಿ ಪಾತ್ರೆ, ಜತೆಗೆ ಅಳತೆ ಸರಿಯೇ ಎಂದು ನೋಡಲು ಗ್ರೀನ್‌ಲ್ಯಾಂಡಿನ ಇಸುವಾ ಕಬ್ಬಿಣಶಿಲೆಯಿಂದ ಮಾಡಿದ ಐಎಫ್-ಜಿ ಪ್ರಮಾಣಶಿಲೆ.

ಇನ್ನು ಐಸಿಪಿ-ಎಂಎಸ್, ದ್ರಾವಣದ ಧಾತುಗಳನ್ನು ಬಿಸಿ ಪ್ಲಾಸ್ಮಾದಲ್ಲಿ ಅಯಾನುಗಳಾಗಿಸಿ ದ್ರವ್ಯರಾಶಿಯ ಪ್ರಕಾರ ಎಣಿಸುವ ಯಂತ್ರ. ಯುರೋಪಿಯಂಗೆ ಎರಡೇ ಐಸೊಟೋಪು, 151 ಮತ್ತು 153. ಬೇರಿಯಂ 135 ಆಮ್ಲಜನಕ 16ರ ಜತೆ ಸೇರಿದರೆ 151, ಬೇರಿಯಂ 137 ಸೇರಿದರೆ 153. ಯಂತ್ರಕ್ಕೆ ವ್ಯತ್ಯಾಸ ತಿಳಿಯದು. ಕಲ್ಲಿನಲ್ಲಿ ಬೇರಿಯಂ 200 ಪಿಪಿಎಂ (ಹತ್ತು ಲಕ್ಷಕ್ಕೆ 200 ಪಾಲು), ಯುರೋಪಿಯಂ 0.2 ಪಿಪಿಎಂ, ಬೇರಿಯಂ ಆಕ್ಸೈಡ್ ಆಗುವ ಪ್ರಮಾಣ ಶೇ 0.1 ಎಂದಿಟ್ಟುಕೊಳ್ಳಿ. ಅಷ್ಟಕ್ಕೇ 151ರಲ್ಲಿ ಯುರೋಪಿಯಂ ಸುಮಾರು ಶೇ 15 ಹೆಚ್ಚಾಗಿ ಕಾಣುತ್ತದೆ, 153ರಲ್ಲಿ ಶೇ 20 ದಾಟುತ್ತದೆ. ಈ ಅಸಮತೆಯೇ ಪರೀಕ್ಷೆ: ಎರಡೂ ಒಂದೇ ಸಾಂದ್ರತೆ ಹೇಳಿದರೆ ಸರಿ, 153 ಮೇಲೆ ನಿಂತರೆ ಬೇರಿಯಂ ನುಸುಳಿದೆ. ಶುದ್ಧ ಬೇರಿಯಂ ದ್ರಾವಣವೊಂದನ್ನೇ ಓಡಿಸಿ, ಅದು ತೋರುವ ಸುಳ್ಳು ಯುರೋಪಿಯಂನ ಪ್ರಮಾಣ ಹಿಡಿದು ಕಳೆಯುತ್ತೇನೆ. ಕಳೆಯಬೇಕಾದದ್ದು ಶೇ 10 ಮೀರಿದರೆ ಆ ಲೆಕ್ಕವನ್ನು ನಾನು ನಂಬುವುದಿಲ್ಲ, ಕ್ಯಾಟಯಾನ್ ರೆಸಿನ್ ಕಾಲಂಗೆ (ಧಾತುಗಳನ್ನು ಹಿಡಿದಿಟ್ಟು ಬೇರೆಬೇರೆ ಆಮ್ಲಕ್ಕೆ ಒಂದೊಂದಾಗಿ ಬಿಡುವ ರಾಳದ ಕೊಳವೆ) ಹೋಗುತ್ತೇನೆ: 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಬ್ಬಿಣ, 2 ಮೋಲಾರ್ ನೈಟ್ರಿಕ್‌ನಲ್ಲಿ ಬೇರಿಯಂ, 6 ಮೋಲಾರ್ ನೈಟ್ರಿಕ್‌ನಲ್ಲಿ ವಿರಳ ಭೂಧಾತುಗಳು ಇಳಿಯುತ್ತವೆ. ತೊಳೆಯುವುದು ಅತಿಯಾದರೆ ಲ್ಯೂಟೀಶಿಯಂ ಮೊದಲು ಜಾರಿಹೋಗುತ್ತದೆ. ಗ್ಯಾಡೊಲಿನಿಯಂ 157ಕ್ಕೂ ಇಂಥದೇ ಕಾಟ, ಪ್ರೇಸಿಯೋಡೈಮಿಯಂ ಆಕ್ಸೈಡಿನಿಂದ. ಹಾಗಾಗಿ ಯುರೋಪಿಯಂನ ನಿರೀಕ್ಷಿತ ಮಟ್ಟವನ್ನು ಗ್ಯಾಡೊಲಿನಿಯಂ ಬಿಟ್ಟು ಸಮೇರಿಯಂ, ಟರ್ಬಿಯಂಗಳಿಂದ ಎಣಿಸುತ್ತೇನೆ: 0.67 ಪಾಲು ಸಮೇರಿಯಂ, 0.33 ಪಾಲು ಟರ್ಬಿಯಂ.

ಪ್ರಮಾಣೀಕರಿಸಲು, ಅಂದರೆ ಕಲ್ಲಿನ ಅಳತೆಯನ್ನು ಒಂದು ಮಾದರಿಯ ಅಳತೆಯಿಂದ ಭಾಗಿಸಲು, ಎಲ್ಲರೂ ಹಿಡಿಯುವುದು ಆಸ್ಟ್ರೇಲಿಯದ ಶೇಲ್‌ನ ಸರಾಸರಿ, ಪಾಸ್. ಅದರಲ್ಲಿ ಸಮೇರಿಯಂ 5.6, ಯುರೋಪಿಯಂ 1.1, ಟರ್ಬಿಯಂ 0.77 ಪಿಪಿಎಂ. ಕಲ್ಲಿನಲ್ಲಿ ಇವು 0.56, 0.22, 0.077 ಬಂದರೆ, ಪಾಸ್‌ನಿಂದ ಭಾಗಿಸಿದಾಗ 0.1, 0.2, 0.1; ಉಬ್ಬು 2. ಆದರೆ ಪಾಸ್‌ನಲ್ಲೇ ಯುರೋಪಿಯಂ ತಗ್ಗಿದೆ, ಉಲ್ಕಾಶಿಲೆಗೆ ಹೋಲಿಸಿದರೆ ಸುಮಾರು 0.65. ಅಂದರೆ ಯಾವ ಉಬ್ಬೂ ಇಲ್ಲದ ಸಾದಾ ಬಸಾಲ್ಟನ್ನು ಪಾಸ್‌ನಿಂದ ಭಾಗಿಸಿದರೂ 1.5 ಸಿಗುತ್ತದೆ! ದುರ್ಗದ ಸುತ್ತ ಬಸಾಲ್ಟಿಗೆ ಬರವಿಲ್ಲ. ಅದರ ಬೂದಿ ಬೆರೆತ ಕಬ್ಬಿಣಶಿಲೆಯಲ್ಲಿ 1.4 ಕಂಡು ‘ಬುಗ್ಗೆಯ ನೀರು’ ಎಂದು ಬರೆದರೆ ಅದು ಗಟ್ಟಿಯಾಗಿ ನಿಲ್ಲದು. ನಾನು ಇಟ್ರಿಯಂ-ಹೋಲ್ಮಿಯಂ ಅನುಪಾತವನ್ನೂ ಪಕ್ಕದಲ್ಲಿಡುತ್ತೇನೆ. 28ರ ಹತ್ತಿರವಿದ್ದರೆ ಬಸಾಲ್ಟಿನ ಸಂಶಯ. 40ರ ಮೇಲಿದ್ದರೆ ಸಮುದ್ರದ ನೀರಿನಿಂದಲೇ ಕೂತದ್ದು ಎನ್ನಬಹುದು.

ಇಂದಿನ ಬುಗ್ಗೆಗಳ ನೀರನ್ನೇ ಅಳೆಯುವವರಿಗೆ ಬೇರಿಯಂ ಕಾಟ ಇನ್ನೂ ಹೆಚ್ಚು, ಅಲ್ಲಿ ಅದು ಯುರೋಪಿಯಂನ ಸಾವಿರಾರು ಪಟ್ಟು ಇರುತ್ತದೆ, ಕಾಲಂ ತಪ್ಪಿಸುವಂತಿಲ್ಲ. ಜತೆಗೆ ಟೈಟಾನಿಯಂ ಸಂಗ್ರಾಹಕದಲ್ಲಿ ಸಮುದ್ರದ ನೀರು ಬೆರೆತೇ ಇರುತ್ತದೆ. ಬುಗ್ಗೆಯ ಶುದ್ಧ ನೀರಿನಲ್ಲಿ ಮೆಗ್ನೀಸಿಯಂ ಸೊನ್ನೆ, ಸಮುದ್ರದಲ್ಲಿ ಕೆಜಿಗೆ ಸುಮಾರು 53 ಮಿಲಿಮೋಲ್ ಎಂದು ಹಿಡಿದು, ಅಳತೆಗಳ ಗೆರೆಯನ್ನು ಮೆಗ್ನೀಸಿಯಂ ಸೊನ್ನೆಯಾಗುವವರೆಗೆ ಎಳೆದು ಲೆಕ್ಕ ಹಾಕುತ್ತಾರೆ. ತಣ್ಣಗಾದಾಗ ತಳದಲ್ಲಿ ಕೂತ ಗಷ್ಟನ್ನು ಕರಗಿಸಿ ಲೆಕ್ಕಕ್ಕೆ ಸೇರಿಸದಿದ್ದರೆ ವಿರಳ ಭೂಧಾತುಗಳು ಕಡಿಮೆ ಬಂದೇ ಬರುತ್ತವೆ.