ಹಗಲಿನ ಊಟ ಸರಿಮಾಡಿಕೊಂಡೆ, ರಾತ್ರಿಯದು ತಾನೇ ಸರಿಯಾಯಿತು

ರಾತ್ರಿ ಕೈಮೀರಿ ತಿನ್ನೋದು ನಿಲ್ಲಬೇಕಾದರೆ ಹಗಲು ಜಾಸ್ತಿ ತಿನ್ನಿ ಅಂತ ಆಪ್ತಸಮಾಲೋಚಕಿ ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ. ತೂಕ ಇಳಿಸೋಕೆ ದಾರಿ ಕೇಳಿದರೆ ಇವರು ಊಟದ ಪಟ್ಟಿ ಕೊಡುತ್ತಿದ್ದಾರಲ್ಲ ಅನ್ನಿಸಿತು. ಆದರೆ ನನಗೆ ಕೊನೆಗೂ ಕೆಲಸ ಮಾಡಿದ್ದು ಅದೇ. ಅದನ್ನು ಹೇಗೆ ಮಾಡಿದೆ ಅಂತ ಬರೆಯುತ್ತೇನೆ.

ನಾನು ಶಿವಮೊಗ್ಗದ ಕಡೆ ಬ್ಯಾಂಕಿನ ಕೌಂಟರಿನಲ್ಲಿ ಕೂರುವವನು. ಮೂವತ್ತು ದಾಟಿದ ಮೇಲೆ ಹೊಟ್ಟೆ ಬಂತು, ಅದರ ಬೆನ್ನಿಗೇ ಡಯಟ್ಟೂ ಬಂತು. ಅನ್ನ ಬಿಟ್ಟೆ, ಸಕ್ಕರೆ ಬಿಟ್ಟೆ. ಮೊದಲ ದಿನ ಬರೀ ಹಣ್ಣು, ಎರಡನೇ ದಿನ ಬರೀ ತರಕಾರಿ, ನಾಲ್ಕನೇ ದಿನ ಹಾಲು-ಬಾಳೆಹಣ್ಣು ಅಂತ ವಾಟ್ಸಾಪಿನಲ್ಲಿ ಓಡಾಡೋ ಏಳು ದಿನದ ಪಟ್ಟಿ ಇದೆಯಲ್ಲ, ಅದನ್ನೂ ಮಾಡಿದೆ. ಮೊದಲ ವಾರ ತೂಕ ಸರ್ರನೆ ಇಳಿಯುತ್ತಿತ್ತು. ಆಮೇಲೆ ಯಾವುದೋ ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ, ಅಡುಗೆಮನೆಯಲ್ಲಿ ಲೈಟೂ ಹಾಕದೆ ನಿಂತು, ಪಾತ್ರೆಯಲ್ಲಿ ಉಳಿದಿದ್ದ ತಣ್ಣನೆ ಅನ್ನಕ್ಕೆ ಮೊಸರು ಸುರಿದು, ಮಾವಿನಮಿಡಿ ನಂಚಿಕೊಂಡು ತಳ ಕಾಣೋವರೆಗೂ ತಿನ್ನುತ್ತಿದ್ದೆ. ಅದು ಮುಗಿದರೆ ಡಬ್ಬಿಯಲ್ಲಿದ್ದ ಕೋಡುಬಳೆ. ರುಚಿ ಗೊತ್ತಾಗುತ್ತಿರಲಿಲ್ಲ, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಎದ್ದು ತಿಂಡಿ ಬಿಡುತ್ತಿದ್ದೆ, ರಾತ್ರಿಯದಕ್ಕೆ ಶಿಕ್ಷೆ ಅಂತ. ಮಧ್ಯಾಹ್ನ ಸೌತೆಕಾಯಿ, ಮಜ್ಜಿಗೆ. ರಾತ್ರಿ ಮತ್ತೆ ಅಡುಗೆಮನೆ.

ಇದೆಲ್ಲ ಬಾಯಿಚಪಲ, ಮನಸ್ಸು ಗಟ್ಟಿ ಇಲ್ಲ ಅಂತ ನಾನು ತಿಳಿದಿದ್ದೆ. ಸಮಾಲೋಚಕಿ ಆಗ ಅಮೆರಿಕದ ಒಂದು ಹಳೆಯ ಪ್ರಯೋಗದ ವಿಷಯ ಹೇಳಿದರು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ದಿನಕ್ಕೆ ಸುಮಾರು 1,600 ಕ್ಯಾಲೊರಿ. ಎಲ್ಲರೂ ಆಯ್ದು ತೆಗೆದ, ದೇಹ-ಮನಸ್ಸು ಎರಡೂ ಗಟ್ಟಿ ಇದ್ದ ಹುಡುಗರು. ಸ್ವಲ್ಪ ದಿನದಲ್ಲೇ ಅವರಿಗೆ ಊಟದ್ದೇ ಧ್ಯಾನ ಆಯಿತು. ಅಡುಗೆ ಪುಸ್ತಕ ಓದೋದು, ತಟ್ಟೆ ನೆಕ್ಕೋದು, ಕನಸಿನಲ್ಲೂ ಊಟ. ಪ್ರಯೋಗ ಮುಗಿದು ಬೇಕಾದಷ್ಟು ತಿನ್ನಿ ಅಂದಾಗ ಕೆಲವರು ಹೊಟ್ಟೆ ಬಿರಿಯುವಷ್ಟು ತಿಂದರೂ ಸಾಕು ಅನ್ನಿಸಲಿಲ್ಲವಂತೆ. ಆರೋಗ್ಯವಾಗಿದ್ದ ಹುಡುಗರ ಗತಿಯೇ ಹೀಗಾದರೆ, ಡಯಟ್ಟಿನ ದಿನ ಅದಕ್ಕಿಂತ ಕಡಿಮೆ ತಿಂದು ಕೌಂಟರಿನಲ್ಲಿ ನೋಟು ಎಣಿಸುತ್ತಿದ್ದ ನಾನು ಯಾವ ಲೆಕ್ಕ!

ಮೊದಲು ಮಾಡಿದ ಕೆಲಸ ಬರೆದಿಡೋದು. ಕ್ಯಾಲೊರಿ ಅಲ್ಲ. ಎಷ್ಟು ಹೊತ್ತಿಗೆ ಏನು ತಿಂದೆ, ಆಗ ಹಸಿವಿತ್ತಾ, ಅದಕ್ಕೆ ಮುಂಚೆ ಏನಾಗಿತ್ತು, ಇಷ್ಟೇ. ಬ್ಯಾಂಕಿನವರು ಕೊಡೋ ಡೈರಿ ಮನೆಯಲ್ಲಿ ಸುಮ್ನೆ ಬಿದ್ದಿತ್ತು, ಅದಕ್ಕೆ ಒಂದು ಗತಿ ಆಯಿತು. ಸ್ವಲ್ಪ ದಿನಕ್ಕೇ ವಿಷಯ ಕಣ್ಣಿಗೆ ಹೊಡೆಯಿತು. ಮಧ್ಯಾಹ್ನ ಸೌತೆಕಾಯಿ ಅಂತ ಬರೆದ ಪುಟದ ಕೆಳಗೇ ರಾತ್ರಿಯ ದಾಳಿ ಇರುತ್ತಿತ್ತು. ಇನ್ನೊಂದು, ಭಾನುವಾರ. ಸೋಮವಾರದಿಂದ ಹೊಸ ಡಯಟ್ ಅಂತ ಸಂಕಲ್ಪ ಮಾಡಿದ ಭಾನುವಾರಗಳಲ್ಲಿ, ನಾಳೆಯಿಂದ ಹೇಗೂ ಇಲ್ಲವಲ್ಲ ಅಂತ ಸಿಕ್ಕಿದ್ದೆಲ್ಲ ತಿಂದಿದ್ದೆ.

ಆಮೇಲೆ ಹೊತ್ತು ಗೊತ್ತು. ಆಕ್ಸ್‌ಫರ್ಡಿನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ಹೀಗೆ ಕೈಮೀರಿ ತಿನ್ನೋರಿಗೆ ಅಂತ ಬೆಳೆಸಿದ ಚಿಕಿತ್ಸೆಯಲ್ಲಿ ಇದೇ ಬುನಾದಿ: ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ, ಎರಡರ ನಡುವೆ ನಾಲ್ಕು ಗಂಟೆಗಿಂತ ಜಾಸ್ತಿ ಬಿಡುವು ಬೇಡ. ಹಸಿವಾಗಲಿ ಬಿಡಲಿ, ಹೊತ್ತಾದರೆ ತಿನ್ನೋದು. ನನ್ನದು ಹೀಗೆ ಕೂತಿತು. ಎಂಟೂಕಾಲಿಗೆ ತಿಂಡಿ. ಹನ್ನೊಂದೂವರೆಗೆ ಒಂದು ಬಾಳೆಹಣ್ಣು ಅಥವಾ ಒಂದು ಹಿಡಿ ಹುರಿದ ಕಡಲೆಬೀಜ. ಎರಡು ಗಂಟೆಗೆ ಅನ್ನ, ಹುಳಿ, ಪಲ್ಯ, ಮಜ್ಜಿಗೆ. ಐದೂವರೆಗೆ ಕಾಫಿ, ಜೊತೆಗೆ ಏನಾದರೂ. ಎಂಟೂವರೆಗೆ ರಾತ್ರಿ ಊಟ. ಬ್ಯಾಂಕಿಗೆ ಡಬ್ಬಿಯಲ್ಲಿ ಅನ್ನ ಕಟ್ಟಿಸಿಕೊಂಡು ಹೋದ ದಿನ ಹೆಂಡತಿ, "ರೀ, ಜ್ವರ ಗಿರ ಬಂದಿದ್ಯಾ?" ಅಂತ ಕೇಳಿದಳು.

ಮೊದಲ ವಾರಗಳು ಸುಲಭ ಇರಲಿಲ್ಲ. ಹೊಟ್ಟೆ ಭಾರ, ಮನಸ್ಸಿನಲ್ಲಿ ಭಯ. ತೂಕವೂ ಸ್ವಲ್ಪ ಏರಿತು. ಅದರಲ್ಲಿ ಒಂದಿಷ್ಟು ನೀರು ಅಂತ ತಿಳಿದ ಮೇಲೆ ಧೈರ್ಯ ಬಂತು. ದೇಹ ಗ್ಲೈಕೋಜನ್ ಅಂತ ಕೂಡಿಡೋ ಸಕ್ಕರೆಯಂಶದ ಒಂದೊಂದು ಗ್ರಾಂ ಜೊತೆಗೂ ಸುಮಾರು 3 ಗ್ರಾಂ ನೀರು ಇರುತ್ತದೆ. ಅನ್ನ ಬಿಟ್ಟ ಮೊದಲ ವಾರ ಇಳಿಯೋದು ಬಹುಪಾಲು ಇದೇ, ಅನ್ನ ತಿಂದರೆ ವಾಪಸ್ಸು ಬರೋದೂ ಇದೇ. ಆ ಏಳು ದಿನದ ಪಟ್ಟಿಗಳ ಗುಟ್ಟೂ ಇಷ್ಟೇ ಅನ್ನೋದು ನನ್ನ ಅಭಿಪ್ರಾಯ. ದಿನಾ ತೂಕ ನೋಡೋದು ಬಿಟ್ಟು ವಾರಕ್ಕೊಂದು ಸಲ ಮಾಡಿಕೊಂಡೆ.

ಎಲ್ಲಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ರಾತ್ರಿ ಕೈಮೀರಿದರೆ ಮರುದಿನ ಎಂಟೂಕಾಲಿಗೆ ತಿಂಡಿಗೆ ಕೂರಲೇಬೇಕು. ಹೊಟ್ಟೆ ಉಬ್ಬರಿಸಿರುತ್ತದೆ, ನನಗೇ ನಾಚಿಕೆ ಆಗುತ್ತಿರುತ್ತದೆ, ಎದುರಿಗೆ ಬಿಸಿ ಅಕ್ಕಿರೊಟ್ಟಿ. ಬಿಟ್ಟುಬಿಡೋಣ ಅನ್ನಿಸುತ್ತದೆ. ಬಿಟ್ಟರೆ ಮತ್ತೆ ಸುತ್ತು ಶುರು. ನಾನು ಅರ್ಧ ರೊಟ್ಟಿಯಾದರೂ ತಿಂದೇ ಏಳುತ್ತಿದ್ದೆ. ಬೇರೇನೂ ಆಗದಿದ್ದರೂ ಇದೊಂದು ಮಾಡಿ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ.

ಹಾಗೆಯೇ, ಒಂದು ತುತ್ತು ಜಾಸ್ತಿ ಆಯಿತು ಅಂದಕೂಡಲೇ "ಹೋಗ್ಲಿ ಬಿಡು, ಇವತ್ತು ಹೇಗೂ ಕೆಟ್ಟಿತು" ಅನ್ನೋ ಬುದ್ಧಿ ಇರುತ್ತದಲ್ಲ, ಅದೂ ನನ್ನೊಬ್ಬನದಲ್ಲ. 1975ರಲ್ಲಿ ಪ್ರಕಟವಾದ ಹರ್ಮನ್ ಮತ್ತು ಮ್ಯಾಕ್ ಅನ್ನೋ ಸಂಶೋಧಕರ ಪ್ರಯೋಗದಲ್ಲಿ ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಮ್ ಕೊಟ್ಟರು. ಊಟದಲ್ಲಿ ಕಟ್ಟುನಿಟ್ಟು ಇಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು. ಸದಾ ಡಯಟ್ಟಿನಲ್ಲಿರುವವರು ಏನೂ ಕುಡಿಯದವರಿಗಿಂತ ಜಾಸ್ತಿ ತಿಂದರು. ಕಟ್ಟು ಒಡೆದ ಮೇಲೆ ಇನ್ನೇನು ಅಂತ.

ಅದಕ್ಕೇ ಕೋಡುಬಳೆಯ ನಿಷೇಧ ತೆಗೆದೆ. ರಾತ್ರಿ ಕದ್ದು ತಿನ್ನೋದನ್ನು ಹಗಲಿಗೆ ತಂದೆ. ಸಂಜೆ ಕಾಫಿಗೆ ಮೂರು ಕೋಡುಬಳೆ, ಡಬ್ಬಿಯಿಂದಲ್ಲ, ತಟ್ಟೆಗೆ ಹಾಕಿಕೊಂಡು, ಜಗಲಿಯಲ್ಲಿ ಕೂತು, ಮೊಬೈಲ್ ಒಳಗಿಟ್ಟು. ಮೊದಲನೆಯದನ್ನು ಮುರಿದಾಗ ಓಮದ ಘಮ ಮೂಗಿಗೆ ಬಂತು. ಅಷ್ಟು ವರ್ಷ ಅದೇ ಡಬ್ಬಿ ಖಾಲಿ ಮಾಡಿದ್ದೆ, ಅಮ್ಮ ಅದಕ್ಕೆ ಓಮ ಹಾಕುತ್ತಾಳೆ ಅನ್ನೋದು ಗೊತ್ತೇ ಇರಲಿಲ್ಲ. ಮೂರನೆಯದು ತಿನ್ನುವಾಗ ಮೊದಲಿನಷ್ಟು ರುಚಿ ಇರಲಿಲ್ಲ. ಶುರುವಿನಲ್ಲಿ ಕೆಲವು ಸಂಜೆ ಮೂರಕ್ಕೆ ನಿಲ್ಲಲಿಲ್ಲ, ನಿಜ. ಬರಬರುತ್ತಾ ಡಬ್ಬಿ ಮನೆಯಲ್ಲಿದೆ ಅನ್ನೋದೇ ಮರೆತುಹೋಗುತ್ತಿತ್ತು.

ಏಕಾದಶಿಯ ಮಾತೂ ಹೇಳಬೇಕು. ಅಮ್ಮ ಮಾಡುತ್ತಾಳೆ, ನಾನೂ ಮಾಡುತ್ತಿದ್ದೆ. ಆದರೆ ನನ್ನ ಉಪವಾಸ ದೇವರಿಗಲ್ಲ, ತೂಕದ ಯಂತ್ರಕ್ಕೆ. ದ್ವಾದಶಿಯ ಪಾರಣೆಯಲ್ಲಿ ಎರಡು ದಿನದ ಊಟ ಒಟ್ಟಿಗೆ ಮುಗಿಸುತ್ತಿದ್ದೆ. ಬಿಡುತ್ತೇನೆ ಅಂದಾಗ ಅಮ್ಮ ಬೇಜಾರು ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. "ಅಪ್ಪಿ, ನೀ ಹೊತ್ತಿಗೆ ಸರಿಯಾಗಿ ಉಂಡ್ರೆ ಸಾಕು ಮಾರಾಯ" ಅಂದಳು ಅಷ್ಟೇ. ನೆಂಟರು ಬಿಡಲಿಲ್ಲ. ಮದುವೆಮನೆಯಲ್ಲಿ "ದಪ್ಪ ಆಗಿದ್ದೀಯಲ್ಲೋ" ಅಂದವರೇ ಎಲೆ ಮುಂದೆ ಕೂರಿಸಿ "ಇನ್ನೊಂದು ಹೋಳಿಗೆ ಹಾಕಿಸ್ಕೊ" ಅನ್ನುತ್ತಾರೆ. ಈಗ ಒಂದು ಹಾಕಿಸಿಕೊಳ್ಳುತ್ತೇನೆ, ತುಪ್ಪವನ್ನೂ.

ನನ್ನ ದಾರಿ ಎಲ್ಲರಿಗೂ ಆಗುತ್ತದೆ ಅಂತಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಊಟದ ಹೊತ್ತು ಬದಲಿಸುವ ಮುಂಚೆ ಡಾಕ್ಟರನ್ನು ಕೇಳಬೇಕು. ವಾರಕ್ಕೊಮ್ಮೆಯಾದರೂ ಹೀಗೆ ಕೈಮೀರಿ ತಿನ್ನೋದು ಮೂರು ತಿಂಗಳಿಂದ ನಡೆದಿದ್ದರೆ ಅದು ಬಿಂಜ್ ಈಟಿಂಗ್ ಡಿಸಾರ್ಡರ್ ಇರಬಹುದು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆ ಅಂತಲೇ ಸೇರಿಸಿತು. ತಿಂದಿದ್ದನ್ನು ವಾಂತಿ ಮಾಡೋದು, ಭೇದಿ ಮಾತ್ರೆ ನುಂಗೋದು ಇದ್ದರಂತೂ ತಡ ಮಾಡಬೇಡಿ. ಎಲ್ಲಿಗೆ ಹೋಗೋದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಹೊಟ್ಟೆ ಪೂರ್ತಿ ಕರಗಿಲ್ಲ. ಏರಿದ ತೂಕ ಇಳಿಯಿತು, ಆಮೇಲೆ ಒಂದು ಕಡೆ ನಿಂತಿದೆ. ನನಗೆ ಈಗಲೂ ಕಷ್ಟ ಕೊಡೋದು ಮಾರ್ಚ್ ತಿಂಗಳು. ಲೆಕ್ಕ ಮುಗಿಸೋ ಗಡಿಬಿಡಿಯಲ್ಲಿ ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ ಹೋಗುತ್ತದೆ. ಅದಕ್ಕೆ ಫೆಬ್ರವರಿ ಕೊನೆಗೇ ಡ್ರಾಯರಿನಲ್ಲಿ ಕಡಲೆಬೀಜದ ಡಬ್ಬಿ ಇಟ್ಟಿರುತ್ತೇನೆ, ಪಕ್ಕದ ಕೌಂಟರಿನವರಿಗೆ ಎರಡು ಗಂಟೆಗೆ ನನ್ನನ್ನು ಊಟಕ್ಕೆ ಎಬ್ಬಿಸಿ ಅಂತ ಹೇಳಿರುತ್ತೇನೆ. ಅವರು ಮರೆತ ದಿನ ರಾತ್ರಿ ಅನ್ನದ ಪಾತ್ರೆ ನೆನಪಾಗುತ್ತದೆ.