ಮಂಜರಾಬಾದ್ ಕೋಟೆಯನ್ನು ನೋಡುವ ಬಗೆ

ಸಕಲೇಶಪುರದಿಂದ ಮಂಗಳೂರು ಹೆದ್ದಾರಿಯಲ್ಲಿ ಐದಾರು ಕಿಲೋಮೀಟರ್ ಸಾಗಿದರೆ, ದೋಣಿಗಲ್ ಸಮೀಪದ ಗುಡ್ಡದ ನೆತ್ತಿಯಲ್ಲಿ ಮಂಜರಾಬಾದ್ ಕೋಟೆಯಿದೆ. ಹಾಸನದವರು ಬೆಳಗಿನ ಬಸ್ಸಿನಲ್ಲೋ ರೈಲಿನಲ್ಲೋ ಸಕಲೇಶಪುರಕ್ಕೆ ಬಂದು ಆಟೋ ಹಿಡಿಯಬಹುದು. ರಸ್ತೆಯಿಂದ ಸುಮಾರು 250 ಮೆಟ್ಟಿಲುಗಳನ್ನು ಹತ್ತಬೇಕಾದ್ದರಿಂದ ಕುಡಿಯುವ ನೀರನ್ನು ಜೊತೆಯಲ್ಲಿಟ್ಟುಕೊಳ್ಳಿ.

ಈ ಕೋಟೆ ಇಲ್ಲಿಯೇ ಏಕಿದೆ ಎಂಬುದನ್ನು ಮೊದಲು ತಿಳಿದುಕೊಂಡರೆ ನೋಡುವ ಕಣ್ಣೇ ಬೇರೆಯಾಗುತ್ತದೆ. 1783ರಲ್ಲಿ ಇಂಗ್ಲಿಷರ ವಶವಾಗಿದ್ದ ಮಂಗಳೂರನ್ನು ಟಿಪ್ಪು ಸುಲ್ತಾನ್ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ 1784ರಲ್ಲಿ ಮರಳಿ ಪಡೆದನು. ಆ ಬಂದರಿಗೂ ಮೈಸೂರು ಸೀಮೆಗೂ ನಡುವಿನ ಘಟ್ಟದ ದಾರಿಯನ್ನು ಕಾಯಲು ಕಟ್ಟಿಸಿದ ಈ ಕೋಟೆ 1792ರಲ್ಲಿ ಪೂರ್ಣಗೊಂಡಿತು. ಇದು ಸೈನಿಕರ ಗಡಿಠಾಣೆ. ಇಲ್ಲಿ ಅರಮನೆಯ ವೈಭವವನ್ನು ಹುಡುಕಬಾರದು.

ದ್ವಾರದ ಕಮಾನುಗಳನ್ನು ದಾಟಿದವರು ಸಾಮಾನ್ಯವಾಗಿ ನೇರವಾಗಿ ನಡುವಿನ ಕೊಳದತ್ತ ಹೋಗುತ್ತಾರೆ. ಅದಕ್ಕಿಂತ ಮೊದಲು ಗೋಡೆಯ ಗುಂಟ ಒಂದು ಸುತ್ತು ಬರುವುದೇ ಸರಿಯೆಂದು ನನ್ನ ಅಭಿಪ್ರಾಯ. ಎಂಟು ಮೂಲೆಗಳ ನಕ್ಷತ್ರದಂತಿರುವ ಈ ವಿನ್ಯಾಸ ಫ್ರೆಂಚ್ ಎಂಜಿನಿಯರ್ ವೊಬಾನ್ ರೂಢಿಗೆ ತಂದ ಪದ್ಧತಿಯದು. ದುಂಡನೆಯ ಬುರುಜಿನ ಬುಡದಲ್ಲಿ ಅವಿತ ಶತ್ರುವಿಗೆ ಮೇಲಿನವರ ಗುಂಡು ತಗಲುವುದಿಲ್ಲ. ಚೂಪಾಗಿ ಮುಂಚಾಚಿದ ಮೂಲೆಗಳಿದ್ದರೆ ಒಂದರ ಬುಡವನ್ನು ಪಕ್ಕದ ಮೂಲೆಯಲ್ಲಿರುವವರು ಕಾಯುತ್ತಾರೆ. ಯಾವುದಾದರೊಂದು ಕಿಂಡಿಯ ಮುಂದೆ ಬಗ್ಗಿ ಹೊರಗೆ ನೋಡಿ, ಅಲ್ಲಿಂದ ಪಕ್ಕದ ಗೋಡೆ ಎಷ್ಟು ಕಾಣುತ್ತದೆಂದು ಗಮನಿಸಿ. ಆಕಾಶದಿಂದ ತೆಗೆದ ಚಿತ್ರದಲ್ಲಿ ನಕ್ಷತ್ರದ ಅಂದವಷ್ಟೇ ಕಾಣುತ್ತದೆ, ಅದರ ಉಪಾಯ ಅರಿವಾಗುವುದು ಈ ಕಿಂಡಿಗಳ ಬಳಿಯೇ.

ಆಮೇಲೆ ಕೊಳಕ್ಕೆ ಬನ್ನಿ. ಕೂಡುಗುರುತಿನ ಆಕಾರದ ಈ ಕೊಳಕ್ಕೆ ಮೆಟ್ಟಿಲುಗಳು ಇಳಿಯುತ್ತವೆ. ಮುತ್ತಿಗೆ ಬಿದ್ದಾಗ ಒಳಗಿದ್ದವರಿಗೆ ನೀರೇ ಆಧಾರವಾದ್ದರಿಂದ ಅದಕ್ಕೆ ಕೋಟೆಯ ನಟ್ಟನಡುವಿನ ಜಾಗವೇ ಸಿಕ್ಕಿದೆ. ಹತ್ತಿರದಲ್ಲಿಯೇ ಮದ್ದುಗುಂಡು ಇಡಲು ಬಳಸುತ್ತಿದ್ದರೆನ್ನುವ ಎರಡು ನೆಲಮಾಳಿಗೆಗಳಿವೆ. ಇಲ್ಲಿಂದ ಶ್ರೀರಂಗಪಟ್ಟಣದವರೆಗೆ ಸುರಂಗವಿದೆ ಎಂಬ ಮಾತೂ ನಿಮ್ಮ ಕಿವಿಗೆ ಬೀಳುತ್ತದೆ. ದಂತಕಥೆಯಾಗಿಯೇ ಅದನ್ನು ಕೇಳಿ.

ಮಳೆಗಾಲದಲ್ಲಿ ಗೋಡೆಯ ಕಲ್ಲುಗಳ ಮೇಲೆ ಪಾಚಿ ಕಟ್ಟಿ ಕಾಲು ಜಾರುತ್ತದೆ, ಮಂಜು ಕವಿದರೆ ಎದುರಿನ ಮೂಲೆಯೂ ಕಾಣುವುದಿಲ್ಲ. ಮಕ್ಕಳೊಂದಿಗೆ ಬರುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಬರುವುದು ಕ್ಷೇಮ. ಗಾರೆಯ ಮೇಲೆ ಹೆಸರು ಗೀಚುವವರನ್ನು ಕಂಡರೆ ದಯವಿಟ್ಟು ಅಲ್ಲಿಯೇ ತಡೆಯಿರಿ.