ಇಲಿಯ ಆತಂಕ ಅಳೆಯುವ ಮೊದಲು

ಅಲೋಪ್ರೆಗ್ನನೊಲೋನ್ ಅನ್ನೋ ಸ್ಟೀರಾಯ್ಡ್ ಮಿದುಳಿನಲ್ಲೇ ತಯಾರಾಗುತ್ತದೆ, ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನಿನಿಂದ. ಅದು ನರಕೋಶಗಳ ಮೇಲಿರುವ, ಅವುಗಳ ಚಟುವಟಿಕೆ ತಗ್ಗಿಸುವ ಗಾಬಾ-ಎ ರಿಸೆಪ್ಟರ್‌ಗೆ ಅಂಟಿಕೊಂಡು ಅವನ್ನು ಶಾಂತ ಮಾಡುತ್ತದೆ, ಆತಂಕ ಇಳಿಯುತ್ತದೆ. ಔಷಧಶಾಸ್ತ್ರದ ಲ್ಯಾಬ್‌ನಲ್ಲಿ ಇದನ್ನು ಇಲಿಗಳಿಗೆ ಕೊಟ್ಟು ನೋಡುವುದು ನನ್ನ ಕೆಲಸವಾಗಿತ್ತು.

ತೊಡಕು ಒಂದಿದೆ. ಒತ್ತಡವಾದರೂ ಮಿದುಳು ಇದನ್ನು ಜಾಸ್ತಿ ಮಾಡಿಕೊಳ್ಳುತ್ತದೆ. ಇಲಿಗಳನ್ನು ನೀರಲ್ಲಿ ಈಜಿಸಿದರೆ ಸ್ವಲ್ಪ ಹೊತ್ತಿನಲ್ಲೇ ಇದರ ಮಟ್ಟ ಏರುತ್ತದೆ ಎಂದು ಪರ್ಡಿ ಮತ್ತು ಸಂಗಡಿಗರು 1991ರಲ್ಲೇ ತೋರಿಸಿದ್ದರು. ಹಾಗಿದ್ದ ಮೇಲೆ ಪಂಜರದಿಂದ ಒರಟಾಗಿ ಎತ್ತಿದರೂ ಲೆಕ್ಕ ಕೆಡಬಹುದು, ಅಲ್ವಾ? ಅದಕ್ಕೇ ನನ್ನ ಶ್ರಮವೆಲ್ಲ ಪರೀಕ್ಷೆಗೆ ಮುಂಚೆಯೇ. ದಿನಾ ಸುಮ್ನೆ ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿಸುತ್ತಿದ್ದೆ. ಅದೇ ಕೋಟು, ಅದೇ ಹೊತ್ತು, ಸೆಂಟು ಹಾಕುವ ಹಾಗಿಲ್ಲ.

ಹೆಣ್ಣಿಲಿಗಳಿಗೆ ಇನ್ನೊಂದು ಕೆಲಸ. ಅವುಗಳ ಋತುಚಕ್ರ ನಾಲ್ಕೈದು ದಿನದ್ದು. ಬೆಳಗ್ಗೆ ಪಿಪೆಟ್‌ನಲ್ಲಿ ಯೋನಿಗೆ ಒಂದು ಹನಿ ಸಲೈನ್ ಬಿಟ್ಟು, ಹಿಂದಕ್ಕೆ ಎಳೆದು, ಸ್ಲೈಡಿಗೆ ಹಾಕಿ ನೋಡುತ್ತಿದ್ದೆ. ಕೋಶಕೇಂದ್ರವಿರುವ ದುಂಡು ಕೋಶಗಳು ಗುಂಪಾಗಿ ಕಂಡರೆ ಪ್ರೊಈಸ್ಟ್ರಸ್, ಅಂದರೆ ಅಂಡ ಬಿಡುಗಡೆಗೆ ಸ್ವಲ್ಪ ಮುಂಚಿನ ಹಂತ. ಅವತ್ತು ಪ್ರೊಜೆಸ್ಟರಾನ್ ತಾನಾಗೇ ಏರುತ್ತದೆ. ಆ ಇಲಿಯನ್ನು ಉಳಿದವುಗಳ ಜೊತೆ ಸೇರಿಸಬಾರದು.

ಈ ಸ್ಟೀರಾಯ್ಡ್ ನೀರಲ್ಲಿ ಕರಗಲ್ಲ. ಸೈಕ್ಲೊಡೆಕ್ಸ್ಟ್ರಿನ್ ಅನ್ನೋ, ಸಕ್ಕರೆ ಅಣುಗಳ ಉಂಗುರದಂಥ ವಸ್ತುವಿನ ದ್ರಾವಣದಲ್ಲಿ ಕರಗಿಸಿದೆ. ಹೋಲಿಕೆಗೆ ಇಟ್ಟ ಕಂಟ್ರೋಲ್ ಗುಂಪಿಗೆ ಔಷಧವಿಲ್ಲದ ಬರೀ ಆ ದ್ರಾವಣ.

ಪರೀಕ್ಷೆ ನಡೆಯೋದು ನೆಲದಿಂದ ಅರ್ಧ ಮೀಟರ್ ಎತ್ತರದ ಪ್ಲಸ್ ಆಕಾರದ ಹಲಗೆಯ ಮೇಲೆ. ಎರಡು ತೋಳಿಗೆ ಗೋಡೆ ಇದೆ, ಎರಡಕ್ಕೆ ಇಲ್ಲ. 5 ನಿಮಿಷ ಬಿಡಬೇಕು. ಅಂಜುವ ಇಲಿ ಗೋಡೆಯ ಮರೆ ಬಿಡಲ್ಲ. ಔಷಧ ಪಡೆದದ್ದು ಬಯಲು ತೋಳಿನ ತುದಿಗೇ ಹೋಗಿ, ಕತ್ತು ಬಗ್ಗಿಸಿ ಕೆಳಗೆ ಇಣುಕುತ್ತದೆ. ಎಷ್ಟು ಸಲ ನೋಡಿದರೂ ನನಗೆ ಖುಷಿಯಾಗುತ್ತಿತ್ತು.

ಆದರೆ ಡೋಸ್ ಜಾಸ್ತಿಯಾದರೆ ಇಲಿ ತೂಕಡಿಸುತ್ತದೆ. ಹಾಗಾಗಿ ಗೋಡೆಯಿರುವ ತೋಳಿಗೆ ಎಷ್ಟು ಸಲ ಹೋಯಿತು ಅನ್ನೋದನ್ನೂ ಎಣಿಸಲೇಬೇಕು. ಓಡಾಟವೇ ನಿಂತಿದ್ದರೆ ಅದನ್ನು ಧೈರ್ಯ ಅನ್ನೋಕಾಗಲ್ಲ. ಈ ಎಣಿಕೆ ಇಲ್ಲದ ವರದಿಯನ್ನು ನಾನು ನಂಬುವುದಿಲ್ಲ.

ಹೆರಿಗೆಯಾದ ಮೇಲೆ ಪ್ರೊಜೆಸ್ಟರಾನ್ ಒಮ್ಮೆಲೇ ಕುಸಿಯುತ್ತದೆ, ಅದರ ಜೊತೆಗೆ ಅಲೋಪ್ರೆಗ್ನನೊಲೋನ್ ಕೂಡ. ಇದೇ ಅಣುವನ್ನು ಬ್ರೆಕ್ಸನೊಲೋನ್ ಹೆಸರಲ್ಲಿ ಬಾಣಂತಿಯರ ಖಿನ್ನತೆಗೆ ಅಮೆರಿಕ 2019ರಲ್ಲಿ ಒಪ್ಪಿತು. 2024ರ ಕೊನೆಯವರೆಗೆ ಅದು ಸಿಗುತ್ತಿತ್ತು. ಅದೂ ಸೈಕ್ಲೊಡೆಕ್ಸ್ಟ್ರಿನ್‌ನಲ್ಲಿ ಕರಗಿಸಿದ್ದೇ, 60 ಗಂಟೆಯ ಡ್ರಿಪ್. ಅಷ್ಟೂ ಹೊತ್ತು ಪಲ್ಸ್ ಆಕ್ಸಿಮೀಟರ್ ಹಾಕಿ ಕಾಯಬೇಕಿತ್ತು. ಕಾರಣ, ತಾಯಿಗೂ ಜೋರು ಮಂಪರು ಬರಬಹುದಿತ್ತು, ಎಚ್ಚರ ತಪ್ಪಬಹುದಿತ್ತು.